ಪರವೂರಿನಲ್ಲಿ ನಮ್ಮ ಅಂಚೆಪೆಟ್ಟಿಗೆ

ಪರವೂರಿಗೆ ಹೋದವರ ಹೆಸರಿಗೆ ಕಾಗದ ಬಂದರೆ, ಮನೆಯವರು ವಿಳಾಸವನ್ನು ತಿದ್ದಿ ಮರಳಿ ಅಂಚೆಗೆ ಹಾಕುವುದು ಹಿಂದಿನ ರೂಢಿ. ಇ-ಮೇಲಿಗೆ ಈ ತೊಡಕಿಲ್ಲ. ಪ್ರವೇಶ ಪರೀಕ್ಷೆಗೆಂದು ದೂರದ ಪಟ್ಟಣಕ್ಕೆ ಹೋದ ವಿದ್ಯಾರ್ಥಿಯು ತನ್ನ ಗಣಕವನ್ನು ಮನೆಯಲ್ಲಿಯೇ ಬಿಟ್ಟಿದ್ದರೂ, ಅಲ್ಲಿನ ಸೈಬರ್ ಕೇಂದ್ರದಲ್ಲಿ ಕುಳಿತು ತನ್ನ ಪತ್ರವನ್ನು ಓದಬಲ್ಲನು. ಪತ್ರವು ಅವನನ್ನು ಹಿಂಬಾಲಿಸಿ ಬಂದುದು ಹೇಗೆ? ನಿಜವಾಗಿ ಅದು ಹಿಂಬಾಲಿಸಲೇ ಇಲ್ಲ, ಇದ್ದಲ್ಲಿಯೇ ಇದೆ.

ನಮಗೆ ಬರುವ ಪತ್ರವು ಮೊದಲು ಸೇರುವುದು ಹಗಲಿರುಳೂ ಎಚ್ಚರವಾಗಿರುವ ಸರ್ವರ್ ಎಂಬ ಗಣಕವನ್ನು. ಅಂಚೆ ಕಚೇರಿಯ ಬಾಡಿಗೆ ಪೆಟ್ಟಿಗೆಯಂತೆ ಅಲ್ಲಿ ನಮಗೊಂದು ಪೆಟ್ಟಿಗೆಯುಂಟು. 1984ರಲ್ಲಿ ರೂಪುಗೊಂಡ ಪಾಪ್ ಎಂಬ ವಿಧಾನದಲ್ಲಿ, ಸಾಮಾನ್ಯವಾಗಿ ಪತ್ರಗಳನ್ನು ಆ ಪೆಟ್ಟಿಗೆಯಿಂದ ತೆಗೆದು ಸ್ವಂತ ಗಣಕಕ್ಕೆ ಇಳಿಸಿಕೊಳ್ಳುತ್ತಿದ್ದರು. 1986ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ರಿಸ್ಪಿನ್ ಅವರು ರೂಪಿಸಿದ ಐಮ್ಯಾಪ್ ವಿಧಾನವು ಪತ್ರವನ್ನು ಸರ್ವರಿನಲ್ಲಿಯೇ ಇರಿಸಿ ಓದಲು ಅನುವು ಮಾಡಿತು. ಆದರೂ ಅದಕ್ಕೆ ತಕ್ಕ ತಂತ್ರಾಂಶವು ಎದುರಿನ ಗಣಕದಲ್ಲಿರಬೇಕಾಗಿತ್ತು.

ಈ ಕಟ್ಟನ್ನು ಬಿಡಿಸಿದವರಲ್ಲಿ ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಹಾಗೂ ಅವರ ಜೊತೆಗಾರ ಜ್ಯಾಕ್ ಸ್ಮಿತ್ ಪ್ರಮುಖರು. 1996ರ ಜುಲೈ 4ರಂದು ಅವರು ಆರಂಭಿಸಿದ ಹಾಟ್‌ಮೇಲ್‌ನಲ್ಲಿ ಪತ್ರಗಳು ಜಾಲಪುಟದ ರೂಪದಲ್ಲಿಯೇ ತೋರುತ್ತಿದ್ದವು. ಬ್ರೌಸರ್ ಇರುವ ಯಾವ ಗಣಕವಾದರೂ ಸಾಕಾಯಿತು. ಬೇಕಾದುದು ಪಾಸ್‌ವರ್ಡ್ ಎಂಬ ಕೀಲಿಕೈಯೊಂದೇ.

ಅಪಾಯವಿರುವುದೂ ಆ ಕೀಲಿಕೈಯಲ್ಲಿಯೇ. ಇಂದು ಬ್ರೌಸರಿನಿಂದ ಸರ್ವರಿನವರೆಗಿನ ಹಾದಿಯಲ್ಲಿ ಮಾಹಿತಿಯು ಗೂಢಲಿಪಿಯಾಗಿ ಸಾಗುತ್ತದೆ. ನಡುದಾರಿಯಲ್ಲಿ ಕದ್ದವನಿಗೆ ಅರ್ಥವಾಗದು. ಆದರೆ ಗೂಢಲಿಪಿಯಾಗುವುದು ಬೆರಳು ಕೀಲಿಯನ್ನು ಒತ್ತಿದ ತರುವಾಯವಷ್ಟೆ. ಪರರ ಗಣಕದಲ್ಲಿ, ಒತ್ತಿದ ಪ್ರತಿಯೊಂದು ಅಕ್ಷರವನ್ನೂ ಬರೆದಿಟ್ಟುಕೊಳ್ಳುವ ತಂತ್ರಾಂಶವು ಅಡಗಿದ್ದರೆ ಪಾಸ್‌ವರ್ಡ್ ಅಲ್ಲಿಯೇ ಕಳವಾಗುತ್ತದೆ. ಇನ್ನೊಂದು ಕುತ್ತು ಕುಕಿಯದು. ಇದು ನಮ್ಮನ್ನು ಗುರುತಿಸಲು ಸರ್ವರು ಬ್ರೌಸರಿಗೆ ಕೊಡುವ ಚೀಟಿ. ನಿರ್ಗಮಿಸದೆ ಎದ್ದು ಹೋದರೆ, ಮುಂದೆ ಬಂದು ಕುಳಿತವನು ಆ ಚೀಟಿಯ ಬಲದಿಂದಲೇ ನಮ್ಮ ಪೆಟ್ಟಿಗೆಯನ್ನು ತೆರೆಯಬಲ್ಲನು.

ಕದ್ದ ಕೀಲಿಕೈಯನ್ನು ನಿಷ್ಫಲಗೊಳಿಸುವ ಜಾಣತನವೊಂದಿದೆ. ನಮ್ಮ ಫೋನೂ ಸರ್ವರೂ ಒಂದೇ ಗುಟ್ಟಿನ ಸಂಖ್ಯೆಯನ್ನು ಮೊದಲೇ ಹಂಚಿಕೊಂಡಿರುತ್ತವೆ. ಆ ಸಂಖ್ಯೆಯನ್ನೂ ಗಡಿಯಾರದ ಹೊತ್ತನ್ನೂ ಕೂಡಿಸಿ ಎರಡೂ ಬೇರೆಬೇರೆಯಾಗಿ ಲೆಕ್ಕ ಮಾಡಿದರೆ ಬರುವ ಉತ್ತರ ಒಂದೇ: ಸಾಮಾನ್ಯವಾಗಿ 6 ಅಂಕಿಗಳ ಸಂಕೇತ. ಅದು 30 ಸೆಕೆಂಡುಗಳಿಗೊಮ್ಮೆ ಬದಲಾಗುವುದರಿಂದ, ನಾಳೆ ಬರುವ ಕಳ್ಳನಿಗೆ ಇಂದಿನ ಸಂಕೇತವು ಪ್ರಯೋಜನಕ್ಕೆ ಬಾರದು. ಫೋನೇ ಕಳೆದರೆ? ಅದಕ್ಕಾಗಿಯೇ ಹಲವು ಸೇವೆಗಳು ಒಂದೊಂದು ಸಲ ಮಾತ್ರ ನಡೆಯುವ ಬದಲಿ ಸಂಕೇತಗಳನ್ನು ಮೊದಲೇ ಕೊಡುತ್ತವೆ. ಅವನ್ನು ಕಾಗದದಲ್ಲಿ ಬರೆದು ಫೋನಿನಿಂದ ಬೇರೆಯಾಗಿ ಇರಿಸಿಕೊಳ್ಳುವುದು ಪಯಣಿಗನಿಗೆ ಲೇಸು.

ಇಷ್ಟಾದರೂ ಪರದೆಯ ಮೇಲೆ ತೆರೆದ ಪತ್ರವನ್ನು ಆ ಗಣಕವೂ ಓದಬಲ್ಲುದೆಂಬುದನ್ನು ನಾವು ಮರೆಯಲಾಗದು. ಆದುದರಿಂದ ಅಗತ್ಯವಾದುದನ್ನಷ್ಟೇ ನೋಡಿ, ತಪ್ಪದೆ ನಿರ್ಗಮಿಸಿ, ಊರಿಗೆ ಮರಳಿದೊಡನೆ ನಮ್ಮ ಗಣಕದಿಂದ ಪಾಸ್‌ವರ್ಡನ್ನು ಬದಲಾಯಿಸೋಣ. ಹಣದ ವ್ಯವಹಾರವನ್ನಂತೂ ಪರರ ಯಂತ್ರದಲ್ಲಿ ಮಾಡದಿರೋಣ. ಪೆಟ್ಟಿಗೆಯು ಎಲ್ಲಿಂದಲಾದರೂ ತೆರೆಯುವಂತಾದ ಮೇಲೆ ಕೀಲಿಕೈಯನ್ನು ಕಾಯುವ ಹೊಣೆ ನಮ್ಮದೇ.