ಚಿಹ್ನೆಗೊಂದು ಸಂಖ್ಯೆ

ಸಿಂಧನೂರಿನಲ್ಲಿ ಬೆರಳಚ್ಚಾಗಿ ಲಿಂಗಸುಗೂರಿನಲ್ಲಿ ಅಚ್ಚಾದ ಗಣಿತದ ಪ್ರಶ್ನೆಪತ್ರಿಕೆಯೊಂದು ಒಮ್ಮೆ ನನ್ನ ಕೈಗೆ ಬಂದಿತು. 5² + 4² ಎಷ್ಟೆಂದು ಕೇಳಬೇಕಾದಲ್ಲಿ 52 + 42 ಎಂದಿತ್ತು. ಮಕ್ಕಳು 94 ಎಂದು ಬರೆದರು. ಬರಬೇಕಾದ ಉತ್ತರ 41. ತಪ್ಪು ಮಕ್ಕಳದಲ್ಲವಷ್ಟೆ!

ಹೀಗೇಕಾಯಿತು? 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ಅಶೋಕನ ಹೆಸರನ್ನು ತಾವು ನೋಡಿರಬಹುದು. ಅಲ್ಲಿ ಕಲ್ಲಿನಲ್ಲಿ ಕೊರೆದ ಆಕಾರವೇ ಅಕ್ಷರ. ಗಣಕಯಂತ್ರವಾದರೋ ಆಕಾರವನ್ನಲ್ಲ, ಸಂಖ್ಯೆಯನ್ನು ಕಾಪಿಡುತ್ತದೆ. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ನಮ್ಮ ‘ಕ’ಕಾರಕ್ಕೆ 3221, ವರ್ಗಮೂಲದ √ ಚಿಹ್ನೆಗೆ 8730. ಮಸ್ಕಿಯ ಬ್ರಾಹ್ಮೀ ಲಿಪಿಗೂ 2010ರಲ್ಲಿ ಆ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ಸಂಖ್ಯೆಗೆ ರೂಪ ಕೊಡುವುದು ಫಾಂಟ್. ಫಾಂಟಿನಲ್ಲಿ ಆ ರೂಪವಿಲ್ಲದಿದ್ದರೆ ತೆರೆಯ ಮೇಲೆ ಬರಿಯ ಚೌಕ ಕಾಣುತ್ತದೆ. ಸಂಖ್ಯೆ ಮಾತ್ರ ಅಳಿದಿರುವುದಿಲ್ಲ.

ನಮ್ಮ ಪ್ರಶ್ನೆಪತ್ರಿಕೆಯ ಕಥೆ ಬೇರೆ. ಬೆರಳಚ್ಚಿಸಿದವರು ಸಾಮಾನ್ಯ 2ನ್ನೇ ಕಿರಿದುಮಾಡಿ ಮೇಲೆ ಕೂರಿಸಿದ್ದರು. ಇನ್ನೊಂದು ಕಡತಕ್ಕೆ ಬರಿಯ ಪಠ್ಯವಾಗಿ ಸಾಗಿಸಿದಾಗ ಅದು ಕೆಳಗಿಳಿಯಿತು. ವರ್ಗಸೂಚಕವಾದ ² ಚಿಹ್ನೆಗೆ 178 ಎಂಬ ತನ್ನದೇ ಸಂಖ್ಯೆಯುಂಟು. ಅದನ್ನು ಬಳಸಿದ್ದರೆ ಇಳಿಯುತ್ತಿರಲಿಲ್ಲ.

ವಿಂಡೋಸ್ ಇರುವ ಯಂತ್ರದಲ್ಲಿ ಆಲ್ಟ್ ಕೀಲಿಯನ್ನು ಒತ್ತಿಹಿಡಿದು, ಕೀಲಿಮಣೆಯ ಬಲಬದಿಯ ಅಂಕಿಗಳಲ್ಲಿ 0178 ಒತ್ತಿರಿ. ಕೀಲಿ ಬಿಟ್ಟೊಡನೆ ² ಮೂಡುತ್ತದೆ. 0215ಕ್ಕೆ ×, 0247ಕ್ಕೆ ÷.

ಆದರೂ ಅಚ್ಚಿಗೆ ಮುನ್ನ ಮೂಲದೊಡನೆ ಒಮ್ಮೆ ತಾಳೆ ನೋಡುವುದು ಲೇಸು. ಕಾಗುಣಿತ ತಪ್ಪಿದರೆ ಓದುಗನು ಊಹಿಸಿಕೊಂಡಾನು. ಅಂಕಿ ಇಳಿದರೆ ಮಗುವಿನ ಅಂಕವೇ ಇಳಿಯುತ್ತದೆ.