ರೂಪಾಯಿಗೆ ಹತ್ತು ಪೈಸೆ, ಬೀಗದ ಕೈ ಪೂರ್ತಿ

ಅಕ್ಟೋಬರ್ ಕೊನೆಯ ವಾರ ಲಂಡನ್ನಿನ ಹೌನ್ಸ್ಲೋದ ಪರಿಚಯದ ಮನೆಗೆ ಊಟಕ್ಕೆ ಹೋಗಿದ್ದೆ. ಬಂಟ್ವಾಳ ಕಡೆಯ ಕ್ಯಾಥೊಲಿಕ್ ಕುಟುಂಬ. ತಮ್ಮತಮ್ಮಲ್ಲಿ ಕೊಂಕಣಿ, ನನ್ನ ಜೊತೆ ಕನ್ನಡ, ಮಕ್ಕಳ ಜೊತೆ ಇಂಗ್ಲಿಷು. ದುಕ್ರಾಮಾಸ್ ಮತ್ತು ಸನ್ನದ ಪಾತ್ರೆಗಳನ್ನು ಬದಿಗೆ ಸರಿಸಿ ಯಜಮಾನರು ಮೇಜಿನ ಮೇಲೆ ಮೂರು ಕಾಗದ ಹರಡಿದರು. ಮೊದಲನೆಯದು ಹಿರಿಮಗನ ಹೈಸ್ಕೂಲು ಅರ್ಜಿ. ಅದಕ್ಕೆ 31 ಅಕ್ಟೋಬರ್ ಗಡುವು. ಎರಡನೆಯದು, ಮನೆಯವರು ತಪ್ಪದೆ ಭಾನುವಾರದ ಪೂಜೆಗೆ ಬರುತ್ತಾರೆ ಎಂದು ಇಲ್ಲಿನ ಫಾದರ್ ಸಹಿ ಹಾಕಿ ಕೊಟ್ಟ ಪತ್ರ. ಮೂರನೆಯದು ಊರಿನ ಇಗರ್ಜಿಯಿಂದ ತಂದ ಜ್ಞಾನಸ್ನಾನದ ಸರ್ಟಿಫಿಕೇಟು. ತೊಡಕಿದ್ದದ್ದು ಅದರಲ್ಲೇ. ಹುಟ್ಟಿದ ತಾರೀಕಿಗೂ ಜ್ಞಾನಸ್ನಾನದ ತಾರೀಕಿಗೂ ನಡುವೆ 14 ತಿಂಗಳು. ಅವರ ಕಣ್ಣಿದ್ದ ಶಾಲೆಯ ನಿಯಮದಲ್ಲಿ, ಸೀಟಿಗಿಂತ ಅರ್ಜಿ ಹೆಚ್ಚಾದರೆ, ಹುಟ್ಟಿ 6 ತಿಂಗಳೊಳಗೆ ಜ್ಞಾನಸ್ನಾನವಾದ ಮಕ್ಕಳೇ ಮುಂದೆ.

"ಊರಲ್ಲೇ ಆಗಬೇಕು ಅಂತ ಅಮ್ಮನ ಹಠ ಮಾರಾಯ್ರೆ. ಟಿಕೆಟಿನ ರೇಟು ಇಳಿಯಲಿ ಅಂತ ನಾವೂ ಕಾದದ್ದು. ಆ ಎಂಟು ತಿಂಗಳಿಗೆ ಈಗ ಬಡ್ಡಿ ಕಟ್ಟುತ್ತಾ ಇದ್ದೇವೆ" ಅಂದರು ಅವರು.

ಆ ಶಾಲೆಗೆ ಫೀಸಿಲ್ಲ. ಮೇಷ್ಟರ ಸಂಬಳ, ಕರೆಂಟು, ಪುಸ್ತಕ, ಎಲ್ಲವೂ ಸರ್ಕಾರದ್ದೇ. ಆದರೆ ಅರ್ಜಿ ಸೀಟನ್ನು ಮೀರಿದಾಗ ಯಾರು ಮೊದಲು ಎಂದು ಬರೆಯುವ ಪೆನ್ನು ಚರ್ಚಿನ ಆಡಳಿತ ಮಂಡಳಿಯ ಕೈಲಿದೆ. ಆ ಪೆನ್ನಿಗೆ ಚರ್ಚು ತೆತ್ತ ಬೆಲೆ ಎಷ್ಟು, ಈಗ ತೆರುತ್ತಿರುವುದು ಎಷ್ಟು? ಲಂಡನ್ನಿನ ರಾಜಕೀಯದಲ್ಲಿ ಕ್ಯಾಥೊಲಿಕ್ ಚರ್ಚಿನ ಹೆಸರು ಗರ್ಭಪಾತಕ್ಕೋ ದಯಾಮರಣಕ್ಕೋ ಸುದ್ದಿಯಾಗುವುದೇ ಹೆಚ್ಚು. ಅವೆಲ್ಲ ಬಂದು ಹೋಗುವ ಜಗಳ. ಶಾಲೆಯ ಬಾಗಿಲಿನ ಜಗಳಕ್ಕೆ ನೂರಿಪ್ಪತ್ತು ವರ್ಷ ದಾಟಿತು, ಇನ್ನೂ ಮುಗಿದಿಲ್ಲ.

1902ರಲ್ಲಿ ಪ್ರಧಾನಿ ಬಾಲ್ಫರ್ ತಂದ ಶಿಕ್ಷಣ ಕಾಯ್ದೆ ಚರ್ಚ್ ಶಾಲೆಗಳ ನಿತ್ಯದ ಖರ್ಚನ್ನು ಸ್ಥಳೀಯ ತೆರಿಗೆಯ ಮೇಲೆ ಹೊರಿಸಿತು. ಮರುವರ್ಷ ಲಂಡನ್ನಿಗೂ ಅಂಥದೇ ಕಾಯ್ದೆ ಬಂತು. ಆಗ ವೆಸ್ಟ್‌ಮಿನ್ಸ್ಟರಿನ ಕಾರ್ಡಿನಲ್ ಆಗಿದ್ದ ಹರ್ಬರ್ಟ್ ವಾನ್‌ರಿಗೆ ಇದು ಬೇಕಾಗಿತ್ತು. ಐರಿಷ್ ಕೂಲಿಕಾರರ ಚಿಲ್ಲರೆ ಕಾಸಿನಲ್ಲಿ ನಡೆಯುತ್ತಿದ್ದ ಶಾಲೆಗಳಿಗೆ ಉಸಿರು ಬಂದಂತಾಯಿತು. ಆದರೆ ಬ್ಯಾಪ್ಟಿಸ್ಟ್, ಮೆಥಡಿಸ್ಟ್ ಮುಂತಾದ ಪಂಗಡಗಳು ಸಿಡಿದೆದ್ದವು. ನಮ್ಮ ತೆರಿಗೆಯಲ್ಲಿ ಪೋಪನ ಪಾಠವೇ ಎಂದು ಕೇಳಿದವು. ಪ್ಯಾಡಿಂಗ್ಟನ್‌ನ ವೆಸ್ಟ್‌ಬೋರ್ನ್ ಪಾರ್ಕ್ ಚಾಪೆಲ್ಲಿನ ಬ್ಯಾಪ್ಟಿಸ್ಟ್ ಪಾದ್ರಿ ಜಾನ್ ಕ್ಲಿಫರ್ಡ್ ಮುಂದಾಳಾದರು. ಜನ ತೆರಿಗೆಯಲ್ಲಿ ಶಾಲೆಯ ಪಾಲನ್ನು ಹಿಡಿದಿಟ್ಟುಕೊಂಡು ಉಳಿದದ್ದನ್ನಷ್ಟೇ ಕಟ್ಟಿದರು. ಜಪ್ತಿಯವರು ಬಂದು ಮನೆಯ ಸಾಮಾನು ಹೊತ್ತೊಯ್ದು ಹರಾಜು ಹಾಕಿದರು. 1906ರ ಹೊತ್ತಿಗೆ ಜೈಲು ಕಂಡವರು 170ಕ್ಕೂ ಹೆಚ್ಚು. ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧೀಜಿಯ ಗಮನಕ್ಕೂ ಇದು ಬಂದಿತ್ತು. ಆಮೇಲೆ ತಮ್ಮ ಸತ್ಯಾಗ್ರಹ ಈ ಬಗೆಯ ಪ್ರತಿರೋಧಕ್ಕಿಂತ ಹೇಗೆ ಬೇರೆ ಎಂದು ವಿವರಿಸುವಾಗ ಕ್ಲಿಫರ್ಡರ ಹೆಸರು ಹಿಡಿದೇ ಬರೆದರು. ಚರ್ಚ್ ಶಾಲೆಯ ತೆರಿಗೆಯ ಜಗಳ ಹೀಗೆ ನಮ್ಮ ಚರಿತ್ರೆಯ ಪುಟಕ್ಕೂ ಬಂದು ಕೂತಿದೆ.

ಅಸಲು ಲೆಕ್ಕ ಶುರುವಾಗುವುದು 1944ರಲ್ಲಿ. ಶಿಕ್ಷಣ ಮಂತ್ರಿ ಆರ್. ಎ. ಬಟ್ಲರ್ ಅವರ ಕಾಯ್ದೆ ಚರ್ಚ್ ಶಾಲೆಗಳ ಮುಂದೆ ಎರಡು ದಾರಿ ಇಟ್ಟಿತು. ಒಂದು, ಸರ್ಕಾರದ ಹತೋಟಿಗೆ ಬನ್ನಿ: ಕಟ್ಟಡವೂ ಸೇರಿ ಪೂರ್ತಿ ಖರ್ಚು ನಮ್ಮದು, ಪ್ರವೇಶವೂ ನೇಮಕಾತಿಯೂ ನಮ್ಮದು. ಇನ್ನೊಂದು, ಅನುದಾನಿತವಾಗಿಯೇ ಇರಿ: ಕಟ್ಟಡದ ಖರ್ಚಲ್ಲಿ ಅರ್ಧ ನೀವು ಹಾಕಿ, ಬಾಗಿಲಿನ ಬೀಗದ ಕೈ ನಿಮ್ಮಲ್ಲೇ ಇರಲಿ. ಚರ್ಚ್ ಆಫ್ ಇಂಗ್ಲೆಂಡ್ ಸಾವಿರಗಟ್ಟಲೆ ಶಾಲೆಗಳನ್ನು ಮೊದಲ ದಾರಿಗೆ ಬಿಟ್ಟಿತು. ಕ್ಯಾಥೊಲಿಕ್ ಬಿಷಪ್‌ಗಳು ಹಟ ಹಿಡಿದು ಎರಡನೆಯದನ್ನೇ ಆರಿಸಿಕೊಂಡರು. ಯುದ್ಧ ಮುಗಿದು ಮಕ್ಕಳ ಸಂಖ್ಯೆ ಏರಿದ ಕಾಲ ಅದು. ಚರ್ಚು ಸಾಲದಲ್ಲಿ ಮುಳುಗಿತು. ಪ್ಯಾರಿಷ್‌ಗಳಲ್ಲಿ ರಾಫೆಲ್, ಬಿಂಗೊ, ಫುಟ್‌ಬಾಲ್ ಪೂಲಿನ ಚೀಟಿಗಳಿಂದ ಶಾಲೆಯ ಗೋಡೆ ಎದ್ದವು.

ಜೊತೆಗೆ ಸರ್ಕಾರದ ಮೇಲೆ ಒತ್ತಡವನ್ನೂ ಬಿಡಲಿಲ್ಲ. ಕಟ್ಟಡಕ್ಕೆ ಚರ್ಚು ಹಾಕಬೇಕಾದ ಪಾಲು 1959ರಲ್ಲಿ ನೂರಕ್ಕೆ 25ಕ್ಕೆ ಇಳಿಯಿತು. 1967ರಲ್ಲಿ 20. 1970ರ ದಶಕದ ನಡುವೆ 15. ಈ ಶತಮಾನ ಶುರುವಾಗುತ್ತಲೇ 10. ಕನ್ಸರ್ವೇಟಿವ್ ಆಗಲಿ ಲೇಬರ್ ಆಗಲಿ, ಯಾರ ಕಾಲದಲ್ಲೂ ಅದು ಮೇಲಕ್ಕೇರಿದ್ದಿಲ್ಲ.

ಪೌಂಡಿಗೆ ನೂರು ರೂಪಾಯಿ ಎಂದು ಸುಲಭಕ್ಕೆ ಇಟ್ಟುಕೊಂಡು ಒಂದು ಬಾಯಿಲೆಕ್ಕ ಹಾಕೋಣ. ಸಾವಿರ ಮಕ್ಕಳ ಹೈಸ್ಕೂಲೊಂದನ್ನು ಕಟ್ಟಲು 200 ಕೋಟಿ ರೂಪಾಯಿ ಆಗುತ್ತದೆ ಅನ್ನಿ. ಅರ್ಧ ಪಾಲಿನ ಹಳೆಯ ಲೆಕ್ಕದಲ್ಲಿ ಚರ್ಚಿನ ಪಾಲು 100 ಕೋಟಿ. ಇಂದಿನದರಲ್ಲಿ 20 ಕೋಟಿ. ಇನ್ನು ನಡೆಸುವ ಖರ್ಚು. 2025-26ರಲ್ಲಿ ಇಂಗ್ಲೆಂಡಿನ ಹೈಸ್ಕೂಲಿಗೆ ಪ್ರತಿ ಮಗುವಿಗೆ ಸರ್ಕಾರ ಗೊತ್ತುಮಾಡಿರುವ ಕನಿಷ್ಠ ಮೊತ್ತ 6,465 ಪೌಂಡ್; ಲಂಡನ್ನಿನಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚೇ ಸಿಗುತ್ತದೆ. ಕನಿಷ್ಠವನ್ನೇ ಹಿಡಿದರೂ ಸಾವಿರ ಮಕ್ಕಳಿಗೆ ವರ್ಷಕ್ಕೆ 64.65 ಕೋಟಿ ರೂಪಾಯಿ, ಹತ್ತು ವರ್ಷಕ್ಕೆ 646.5 ಕೋಟಿ. ಕಟ್ಟಡ ಸೇರಿಸಿದರೆ 846.5 ಕೋಟಿ. ಅದರಲ್ಲಿ ಚರ್ಚಿನ 20 ಕೋಟಿ ಎಂದರೆ ನೂರಕ್ಕೆ 2.4ರಷ್ಟೂ ಇಲ್ಲ. ಮುಂದೆ ಮಾಡು ಸೋರಿದರೆ, ಬಾಯ್ಲರ್ ಕೆಟ್ಟರೆ ಆ ದೊಡ್ಡ ದುರಸ್ತಿಗೂ ಹತ್ತರಲ್ಲೊಂದು ಪಾಲು ಹಾಕಬೇಕು, ನಿಜ. ಅದನ್ನು ಸೇರಿಸಿದರೂ ಚಿತ್ರ ಬದಲಾಗುವುದಿಲ್ಲ.

ಚರ್ಚಿನ ಉತ್ತರವೂ ಹುರುಳಿಲ್ಲದ್ದಲ್ಲ. ನೆಲ ಯಾರದು ಎಂದು ಅದು ಕೇಳುತ್ತದೆ. ಹಳೆಯ ಕ್ಯಾಥೊಲಿಕ್ ಶಾಲೆಗಳು ನಿಂತಿರುವ ಜಾಗ ಸಾಮಾನ್ಯವಾಗಿ ಧರ್ಮಪ್ರಾಂತ್ಯದ ಟ್ರಸ್ಟಿನದು ಅಥವಾ ಯಾವುದೋ ಸನ್ಯಾಸಿ ಸಭೆಯದು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಎರಡು ಸಾವಿರಕ್ಕೂ ಮಿಕ್ಕು ಕ್ಯಾಥೊಲಿಕ್ ಶಾಲೆಗಳಿದ್ದು, ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಓದುತ್ತಾರೆ. ಅಷ್ಟು ನೆಲವನ್ನು, ಅದರಲ್ಲೂ ಲಂಡನ್ನಿನ ನೆಲವನ್ನು, ಸರ್ಕಾರ ಇಂದಿನ ದರಕ್ಕೆ ಕೊಳ್ಳಲು ಹೋದರೆ ಖಜಾನೆ ತಡೆದೀತೇ? ಕ್ಯಾಥೊಲಿಕರೂ ತೆರಿಗೆ ಕಟ್ಟುವವರೇ ಅನ್ನುವ ಮಾತು ಬೇರೆ ಇದೆ. ಹಳೆಯ ಶಾಲೆಗಳ ಮಟ್ಟಿಗೆ ಈ ವಾದವನ್ನು ನಾನು ಒಪ್ಪುತ್ತೇನೆ. ಅದು ನಿಲ್ಲದ ಕಡೆ ಒಂದಿದೆ, ಟ್ವಿಕನ್‌ಹ್ಯಾಮ್.

ರಿಚ್ಮಂಡ್ ಅಪಾನ್ ಥೇಮ್ಸ್, ಥೇಮ್ಸ್ ನದಿಯ ಎರಡೂ ದಡಕ್ಕೆ ಚಾಚಿಕೊಂಡ ಲಂಡನ್ನಿನ ಒಂದೇ ಒಂದು ಬರೋ, ಅಂದರೆ ಸ್ವಂತ ಕೌನ್ಸಿಲ್ ಇರುವ ಆಡಳಿತ ವಿಭಾಗ. ಚರ್ಚಿನ ನಕಾಶೆಯಲ್ಲೂ ಅದು ಎರಡು ಹೋಳು: ನದಿಯ ಈಚೆ ವೆಸ್ಟ್‌ಮಿನ್ಸ್ಟರ್ ಧರ್ಮಪ್ರಾಂತ್ಯ, ಆಚೆ ಸದರ್ಕ್. ಅಲ್ಲಿ 6 ಕ್ಯಾಥೊಲಿಕ್ ಪ್ರೈಮರಿಗಳಿದ್ದವು, ಹೈಸ್ಕೂಲು ಸೊನ್ನೆ. 11 ವರ್ಷ ತುಂಬಿದ ಮಕ್ಕಳು ಬಸ್ಸು, ರೈಲು ಹಿಡಿದು ಬೇರೆ ಬರೋಗೆ ಹೋಗಬೇಕಿತ್ತು. 2011ರಲ್ಲಿ ಕನ್ಸರ್ವೇಟಿವ್ ಆಡಳಿತದ ಕೌನ್ಸಿಲ್ ಕ್ಲಿಫ್ಡನ್ ರಸ್ತೆಯ ಜಾಗವೊಂದನ್ನು 80 ಲಕ್ಷ ಪೌಂಡಿಗೂ ಮಿಕ್ಕಿದ ಬೆಲೆಗೆ ಕೊಂಡಿತು. ನಮ್ಮ ಬಾಯಿಲೆಕ್ಕದಲ್ಲಿ 80 ಕೋಟಿ ದಾಟಿತು. 2012ರ ಮೇ ತಿಂಗಳಲ್ಲಿ ಅಲ್ಲಿ ಕ್ಯಾಥೊಲಿಕ್ ಶಾಲೆಗೆ ಒಪ್ಪಿಗೆಯೂ ಸಿಕ್ಕಿತು: ವರ್ಷಕ್ಕೆ ಹೈಸ್ಕೂಲಿಗೆ 150 ಸೀಟು, ಪ್ರೈಮರಿಗೆ 30.

ಅಂದರೆ ನೆಲವನ್ನೂ ಊರ ದುಡ್ಡಲ್ಲೇ ಕೊಂಡಂತಾಯಿತು. ಸುತ್ತಲಿನ ತಾಯಿತಂದೆಯರು ಎದ್ದು ನಿಂತರು. ಬ್ರಿಟಿಷ್ ಹ್ಯೂಮನಿಸ್ಟ್ ಅಸೋಸಿಯೇಷನ್ ಜೊತೆ ಸೇರಿ ಹೈಕೋರ್ಟಿಗೆ ಹೋದರು. ಹೊಸ ಶಾಲೆ ಬೇಕು ಎಂದು ಕೌನ್ಸಿಲಿಗೆ ಅನ್ನಿಸಿದರೆ ಮೊದಲು ಅಕಾಡೆಮಿ ಶಾಲೆಗೆ (ಕೌನ್ಸಿಲಿನ ಹತೋಟಿಯಿಲ್ಲದೆ ನೇರ ಸರ್ಕಾರದ ದುಡ್ಡಲ್ಲಿ ನಡೆಯುವಂಥದು) ಪ್ರಸ್ತಾವ ಕರೆಯಬೇಕು ಎಂದು 2011ರ ಕಾನೂನು ಹೇಳುತ್ತದಲ್ಲ, ಅದನ್ನು ಹಾರಿಸಿದ್ದೇಕೆ ಎಂಬುದು ಅವರ ತಕರಾರು. ವಾದವೆಲ್ಲ 'ಬೇಕು' ಎಂಬ ಒಂದು ಪದದ ಸುತ್ತ ತಿರುಗಿತು. ಶಾಲೆ ಇದ್ದರೆ ಒಳ್ಳೆಯದು ಅನ್ನುವುದೇ ಬೇರೆ, ಕಾನೂನಿನ ಅರ್ಥದಲ್ಲಿ ಬೇಕೇ ಬೇಕು ಅನ್ನುವುದೇ ಬೇರೆ. ಚರ್ಚು ತಾನಾಗಿ ಮುಂದೆ ಬಂದು ಪ್ರಸ್ತಾವ ಕೊಡುವ ದಾರಿ ತೆರೆದೇ ಇದೆ ಎಂದು 2012ರ ಕೊನೆಗೆ ನ್ಯಾಯಮೂರ್ತಿ ಸೇಲ್ಸ್ ಅರ್ಜಿಯನ್ನು ತಳ್ಳಿಹಾಕಿದರು. 2013ರ ಸೆಪ್ಟೆಂಬರಿನಲ್ಲಿ ಶಾಲೆ ತೆರೆಯಿತು. ಅದಕ್ಕಿಟ್ಟದ್ದು ಹತ್ತಿರದ ಸೈಯನ್ ಮಠದ ಸನ್ಯಾಸಿ ರಿಚರ್ಡ್ ರೆನಲ್ಡ್ಸ್ ಹೆಸರು. ಚರ್ಚಿನ ಮೇಲೆ ರಾಜನ ಯಜಮಾನಿಕೆಯನ್ನು ಒಪ್ಪಲಾರೆ ಎಂದದ್ದಕ್ಕೆ 1535ರಲ್ಲಿ ಟೈಬರ್ನ್‌ನಲ್ಲಿ ಕೊಲ್ಲಿಸಿಕೊಂಡವರು ಅವರು. ಸರ್ಕಾರದ ದುಡ್ಡಿನ ಶಾಲೆಗೆ ಈ ಹೆಸರನ್ನು ಆರಿಸಿದವರಿಗೆ ಹಾಸ್ಯಪ್ರಜ್ಞೆ ಇತ್ತೋ ಇಲ್ಲವೋ, ನನಗಂತೂ ನಗು ಬಂತು.

ರಾಜಕಾರಣಿಗಳು ಈ ಬೀಗಕ್ಕೆ ಕೈ ಹಾಕಿಲ್ಲವೆಂದಲ್ಲ. 2006ರ ಅಕ್ಟೋಬರಿನಲ್ಲಿ ಲೇಬರ್ ಶಿಕ್ಷಣ ಮಂತ್ರಿ ಅಲನ್ ಜಾನ್ಸನ್, ಹೊಸ ಧಾರ್ಮಿಕ ಶಾಲೆಗಳು ನೂರಕ್ಕೆ 25ರವರೆಗೆ ಸೀಟುಗಳನ್ನು ಹೊರಗಿನವರಿಗೆ ಬಿಡಬೇಕಾಗಬಹುದು ಅಂದರು. ಆಗ ಬರ್ಮಿಂಗ್‌ಹ್ಯಾಮಿನ ಆರ್ಚ್‌ಬಿಷಪ್ ಆಗಿದ್ದ, 2009ರಲ್ಲಿ ವೆಸ್ಟ್‌ಮಿನ್ಸ್ಟರಿಗೆ ಬಂದ ವಿನ್ಸೆಂಟ್ ನಿಕಲ್ಸ್ ಮುಂದೆ ನಿಂತು ವಿರೋಧಿಸಿದರು. ಪ್ಯಾರಿಷ್‌ಗಳಿಂದ ಎಂಪಿಗಳಿಗೆ ಪತ್ರದ ಮಳೆಯಾಯಿತು. ಎರಡು ವಾರ ಕಳೆಯುವುದರೊಳಗೆ ಮಂತ್ರಿ ಮಾತು ಹಿಂದೆಗೆದುಕೊಂಡರು. 2010ರ ಮೈತ್ರಿ ಸರ್ಕಾರ ಬೇರೆ ಬಾಗಿಲಿನಿಂದ ಬಂತು: ಫ್ರೀ ಸ್ಕೂಲು ಎಂಬ ಹೊಸ ಬಗೆಯ ಅಕಾಡೆಮಿಗಳಲ್ಲಿ ಅರ್ಜಿ ಹೆಚ್ಚಾದರೆ ನೂರಕ್ಕೆ 50 ಸೀಟಿಗಷ್ಟೇ ಧರ್ಮ ನೋಡಬಹುದು. ಕ್ಯಾಥೊಲಿಕ್ ಮಗುವನ್ನು ಕ್ಯಾಥೊಲಿಕ್ ಅನ್ನುವ ಕಾರಣಕ್ಕೇ ಹೊರಗೆ ನಿಲ್ಲಿಸಲಾರೆವು ಎಂದು ಬಿಷಪ್‌ಗಳು ಅಂಥ ಶಾಲೆ ತೆರೆಯುವ ಗೋಜಿಗೇ ಹೋಗಲಿಲ್ಲ. 2016ರಲ್ಲಿ ಪ್ರಧಾನಿ ಥೆರೆಸಾ ಮೇ ಈ 50ರ ಮಿತಿ ತೆಗೆಯುತ್ತೇನೆ ಅಂದರು. ಮರುವರ್ಷದ ಪ್ರಣಾಳಿಕೆಯಲ್ಲೂ ಬರೆದರು. 2018ರಲ್ಲಿ ಅವರದೇ ಮಂತ್ರಿ, ಸ್ವತಃ ಕ್ಯಾಥೊಲಿಕ್ ಆದ ಡೇಮಿಯನ್ ಹೈಂಡ್ಸ್, ಮಿತಿ ಇರಲಿ, ಬೇಕಾದರೆ ಹಳೆಯ ಹತ್ತು ಪೈಸೆಯ ಲೆಕ್ಕದಲ್ಲಿ ಅನುದಾನಿತ ಶಾಲೆ ಕಟ್ಟಿಕೊಳ್ಳಿ ಅಂದರು. 2024ರ ಮೇನಲ್ಲಿ ಮಿತಿ ತೆಗೆಯುವ ಮಾತು ಮತ್ತೆ ಎದ್ದಿತು. ಜುಲೈಯಲ್ಲಿ ಚುನಾವಣೆ ಬಂದು ಸರ್ಕಾರವೇ ಹೋಯಿತು.

ಬಾಗಿಲ ಹೊರಗಿನ ಸಾಲಿನಲ್ಲಿ ದೊಡ್ಡವರೂ ನಿಂತಿದ್ದರು. ಫುಲ್‌ಹ್ಯಾಮಿನ ಲಂಡನ್ ಒರೆಟರಿ ಶಾಲೆಗೆ ಟೋನಿ ಬ್ಲೇರ್ ಮಕ್ಕಳನ್ನು ಕಳಿಸಿದರು, ತಾವು ಇನ್ನೂ ಕ್ಯಾಥೊಲಿಕ್ ಆಗಿರದ ಕಾಲದಲ್ಲೇ. ದೇವರನ್ನು ನಂಬದ ಉಪಪ್ರಧಾನಿ ನಿಕ್ ಕ್ಲೆಗ್ ಕೂಡ ಮಗನನ್ನು ಅಲ್ಲಿಗೇ ಸೇರಿಸಿದರು. ಅವರ ಹೆಂಡತಿ ಕ್ಯಾಥೊಲಿಕ್. ಚರ್ಚಿನಲ್ಲಿ ಹೂ ಜೋಡಿಸುವುದು, ಹಾಡುವುದು ಮುಂತಾದ ಸೇವೆಗೂ ಆ ಶಾಲೆ ಪ್ರವೇಶದಲ್ಲಿ ಬೆಲೆ ಕೊಡುತ್ತಿತ್ತು. 2014ರಲ್ಲಿ ಪ್ರವೇಶದ ತಕರಾರು ನೋಡುವ ಅಧಿಕಾರಿ ಇದು ಸಲ್ಲದು ಅಂದರು. 2015ರಲ್ಲಿ ಹೈಕೋರ್ಟ್ ಆ ಅಧಿಕಾರಿಯ ತೀರ್ಮಾನಗಳಲ್ಲಿ ಕೆಲವನ್ನು ಎತ್ತಿಹಿಡಿದು ಕೆಲವನ್ನು ರದ್ದುಮಾಡಿತು. ಹಾಲೆಂಡ್ ಪಾರ್ಕಿನ ಕಾರ್ಡಿನಲ್ ವಾನ್ ಶಾಲೆಯದು ಇನ್ನೂ ಸೋಜಿಗ. ಭಕ್ತಿಯನ್ನು ಅಳೆಯುವ ಅವರ ತಕ್ಕಡಿ ಅತಿಯಾಯಿತು ಎಂದು 2009ರಲ್ಲಿ ದೂರು ಕೊಟ್ಟದ್ದು ಸ್ವತಃ ವೆಸ್ಟ್‌ಮಿನ್ಸ್ಟರ್ ಧರ್ಮಪ್ರಾಂತ್ಯ! ಅಲ್ಲಿಂದ ತಾಯಿತಂದೆಯರಿಗೂ ಧರ್ಮಪ್ರಾಂತ್ಯಕ್ಕೂ ಹತ್ತಿಕೊಂಡ ಜಗಳ, ಆಡಳಿತ ಮಂಡಳಿಗೆ ಯಾರನ್ನು ನೇಮಿಸಬೇಕು ಎಂಬ ನೆಪದಲ್ಲಿ, 2011ರಲ್ಲಿ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ತಾಯಿತಂದೆಯರು ಸೋತರು.

ನಮ್ಮೂರಿನವರಿಗೆ ಇದು ಹೊಸದಾಗಿ ಕಾಣಲಾರದು. ಶಿಕ್ಷಣ ಹಕ್ಕಿನ (ಆರ್‌ಟಿಇ) ಕಾಯ್ದೆಯ ನೂರಕ್ಕೆ 25 ಸೀಟಿನ ನಿಯಮದಿಂದ ಅಲ್ಪಸಂಖ್ಯಾತರ ಶಾಲೆಗಳನ್ನು, ಅನುದಾನ ಪಡೆಯುವವನ್ನೂ ಸೇರಿಸಿ, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಹೊರಗಿಟ್ಟಿತು. 2025ರ ಸೆಪ್ಟೆಂಬರ್ 1ರಂದು ಇಬ್ಬರ ಪೀಠ ಆ ತೀರ್ಪಿನ ಬಗ್ಗೆಯೇ ಸಂಶಯ ಎತ್ತಿ ಕಡತವನ್ನು ಮೇಲಕ್ಕೆ ಕಳಿಸಿದೆ. ಅಲ್ಲೂ ಪ್ರಶ್ನೆ ಇದೇ: ಸಂಬಳ ಸರ್ಕಾರದ್ದಾದರೆ ಬೀಗದ ಕೈ ಯಾರದ್ದು?

ಹೌನ್ಸ್ಲೋಗೆ ಮರಳುತ್ತೇನೆ. ದೊಡ್ಡವನಿಗೆ 14 ತಿಂಗಳ ಲೆಕ್ಕ ಹಾಕಿದ ಆ ಮನೆಯಲ್ಲೇ ಚಿಕ್ಕ ಮಗಳೊಬ್ಬಳಿದ್ದಾಳೆ. ಅವಳ ಕ್ಯಾಥೊಲಿಕ್ ಪ್ರೈಮರಿಯಲ್ಲಿ 30ರ ತರಗತಿಗೆ ಸೇರಿದ್ದು 21 ಮಕ್ಕಳು. ಲಂಡನ್ನಿನಲ್ಲಿ ಹುಟ್ಟುವ ಮಕ್ಕಳು ಕಡಿಮೆಯಾಗಿ, ಬಾಡಿಗೆ ತಾಳಲಾರದೆ ಸಂಸಾರಗಳು ಊರ ಹೊರಗೆ ಸರಿದು, ಎಲ್ಲ ಬಗೆಯ ಪ್ರೈಮರಿಗಳಲ್ಲೂ ಬೆಂಚು ಖಾಲಿ ಬೀಳುತ್ತಿವೆ. ಸೀಟಿಗಿಂತ ಅರ್ಜಿ ಕಡಿಮೆ ಇದ್ದರೆ ಯಾವ ಧರ್ಮದ ಮಗುವನ್ನೂ ಬೇಡ ಅನ್ನುವಂತಿಲ್ಲ. ಇಂಗ್ಲೆಂಡಿನ ಕ್ಯಾಥೊಲಿಕ್ ಶಾಲೆಗಳ ಮಕ್ಕಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಪಾಲು ಕ್ಯಾಥೊಲಿಕರಲ್ಲ. ಚಿಕ್ಕವಳ ಪಕ್ಕದಲ್ಲಿ ಕೂರುವವನು ಒಬ್ಬ ಸಿಖ್ ಹುಡುಗ. ಪ್ರಾರ್ಥನೆ ಅವಳಿಗಿಂತ ಮೊದಲೇ ಅವನಿಗೆ ಬಾಯಿಪಾಠವಾಗಿದೆಯಂತೆ.

ದುಡ್ಡು ಮಗುವಿನ ಬೆನ್ನಿಗೆ ಬರುತ್ತದೆ. ಪ್ರೈಮರಿಗೆ 2025-26ರ ಕನಿಷ್ಠ ದರ ಮಗುವಿಗೆ 4,955 ಪೌಂಡ್. ಖಾಲಿ 9 ಬೆಂಚಿಗೆ 44,595 ಪೌಂಡ್; 45 ಲಕ್ಷ ರೂಪಾಯಿಗೆ ಚೂರು ಕಡಿಮೆ, ಒಂದೇ ತರಗತಿಯಲ್ಲಿ, ಒಂದೇ ವರ್ಷಕ್ಕೆ. ಅವಳ ಜ್ಞಾನಸ್ನಾನ ಮಾತ್ರ ಹುಟ್ಟಿ ಎರಡೇ ತಿಂಗಳಿಗೆ ಆಗಿತ್ತು. ಅಣ್ಣನ ಪಾಡು ನೋಡಿ ಈ ಸಲ ಅಜ್ಜಿಯನ್ನೇ ಇಲ್ಲಿಗೆ ಕರೆಸಿಕೊಂಡಿದ್ದರು. ಸರ್ಟಿಫಿಕೇಟು ಫೈಲಿನಲ್ಲಿ ನೆಟ್ಟಗೆ ಕೂತಿದೆ. ಇವತ್ತಿನವರೆಗೆ ಅದನ್ನು ಯಾರೂ ಕೇಳಿಲ್ಲ.