ಮಣ್ಣಿಗೆ ಮರಳುವ ಮುಖಗವಸು

ಮುಖಗವಸು ಜರಡಿಯಂತೆ ಗಾಳಿಯನ್ನು ಸೋಸುತ್ತದೆ ಎಂಬ ಸಾಮಾನ್ಯ ತಿಳಿವಳಿಕೆ ಅರ್ಧ ಸತ್ಯ ಮಾತ್ರ. ಮೂರು ಪದರಗಳ ವೈದ್ಯಕೀಯ ಮುಖಗವಸಿನಲ್ಲಿ ನಡುವಿನ ಪದರವೇ ಮುಖ್ಯ ಶೋಧಕವಾಗಿದ್ದು, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕನ್ನು ಕರಗಿಸಿ, ರಭಸದ ಬಿಸಿಗಾಳಿಯಿಂದ ಎಳೆಎಳೆಯಾಗಿ ಊದಿ ಅದನ್ನು ತಯಾರಿಸುತ್ತಾರೆ. ಆ ಎಳೆಗಳ ನಡುವಿನ ಸಂದುಗಳು ವೈರಾಣುವಿಗಿಂತ ಎಷ್ಟೋ ದೊಡ್ಡವಾದರೂ, ತಲೆ ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುವಂತೆ, ಎಳೆಗಳಲ್ಲಿ ತುಂಬಿಟ್ಟ ಸ್ಥಾಯೀ ವಿದ್ಯುತ್ತು ಹಾದುಹೋಗುವ ಸೂಕ್ಷ್ಮ ಕಣಗಳನ್ನು ಸೆಳೆದು ಹಿಡಿಯುತ್ತದೆ.

ತೊಡಕಿರುವುದೂ ಇಲ್ಲಿಯೇ. ಉಸಿರಿನ ತೇವಕ್ಕೆ ಆ ವಿದ್ಯುತ್ತು ಕ್ರಮೇಣ ಕುಂದುತ್ತದೆ. ಆದರೆ ಎಸೆದ ಪಾಲಿಪ್ರೊಪಿಲೀನ್ ಮಾತ್ರ ಸೂಕ್ಷ್ಮಜೀವಿಗಳಿಗೆ ಸುಲಭವಾಗಿ ಜೀರ್ಣವಾಗದೆ, ಬಿಸಿಲಿಗೆ ಚೂರುಚೂರಾಗಿ ನೆಲಜಲಗಳಲ್ಲಿ ಉಳಿದುಬಿಡುತ್ತದೆ. ಹೀಗಾಗಿ ಕಣಗಳನ್ನು ಹಿಡಿಯುವ, ಆದರೆ ಮಣ್ಣಿಗೆ ಮಣಿಯುವ ವಸ್ತುವೇ ಬೇಕು.

2021ರಲ್ಲಿ ದಕ್ಷಿಣ ಕೊರಿಯಾದ ರಾಸಾಯನಿಕ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಂಥದೊಂದು ಶೋಧಕವನ್ನು ಪ್ರಕಟಿಸಿದರು. ಅವರು ಆರಿಸಿಕೊಂಡದ್ದು ಪಾಲಿಬ್ಯುಟಿಲೀನ್ ಸಕ್ಸಿನೇಟ್ ಎಂಬ, ಸೂಕ್ಷ್ಮಜೀವಿಗಳ ಕಿಣ್ವಗಳು ಕತ್ತರಿಸಬಲ್ಲ ಕೊಂಡಿಗಳಿರುವ ಪ್ಲಾಸ್ಟಿಕ್ಕನ್ನು. ಇದರ ದ್ರಾವಣ ಸೂಜಿಯ ತುದಿಯಲ್ಲಿ ಹನಿಗಟ್ಟಿದಾಗ ಅಧಿಕ ವೋಲ್ಟೇಜಿನ ಸೆಳೆತಕ್ಕೆ ಅದು ಜೇಡನ ನೂಲಿನಂತೆ ತೆಳುವಾದ ಎಳೆಯಾಗಿ ಚಿಮ್ಮಿ, ದಾರಿಯಲ್ಲೇ ಒಣಗಿ, ಚಾಪೆಯಂತೆ ಹರಡಿಕೊಳ್ಳುತ್ತದೆ. ಇದೇ ವಿದ್ಯುತ್ ನೂಲುವಿಕೆ. ಹೀಗೆ ತೆಳು ಮತ್ತು ದಪ್ಪ ಎಳೆಗಳ ಚಾಪೆಗಳನ್ನು ಜೋಡಿಸಿ, ಅವುಗಳಿಗೆ ಏಡಿ, ಸಿಗಡಿಗಳ ಚಿಪ್ಪಿನಿಂದ ದೊರೆಯುವ ಕೈಟೋಸಾನ್ ಎಂಬ ವಸ್ತುವಿನ ಅತಿಸೂಕ್ಷ್ಮ ಕಡ್ಡಿಗಳನ್ನು ಲೇಪಿಸಲಾಯಿತು. ಕೈಟೋಸಾನಿನ ಧನ ವಿದ್ಯುದಾವೇಶವು ಹೊರಗಿನಿಂದ ತುಂಬಿದ್ದಲ್ಲ, ಅಣುವಿನ ರಚನೆಯಲ್ಲೇ ಇರುವಂಥದ್ದು. ಆದ್ದರಿಂದ ತೇವಕ್ಕೂ ಅದು ಅಳಿಯುವುದಿಲ್ಲ. ಈ ಶೋಧಕವು 2.5 ಮೈಕ್ರಾನ್‌ವರೆಗಿನ, ಅಂದರೆ ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಎರಡೂವರೆ ಭಾಗದಷ್ಟು ಚಿಕ್ಕ ಕಣಗಳಲ್ಲಿ ಶೇ. 98.3ರಷ್ಟನ್ನು ತಡೆಯಿತು, ಕಾಂಪೋಸ್ಟ್ ಮಣ್ಣಿನಲ್ಲಿ 4 ವಾರಗಳೊಳಗೆ ಪೂರ್ತಿ ಕೊಳೆಯಿತು.

ಪ್ರಯೋಗಾಲಯದ ಈ ಗೆಲುವು ದೊಡ್ಡದೇ ಆದರೂ, ಮುಖಗವಸೆಂದರೆ ಶೋಧಕವೊಂದೇ ಅಲ್ಲ. ಹೊರಪದರ, ಕಿವಿಯ ಪಟ್ಟಿ, ಮೂಗಿನ ಮೇಲಿನ ತಂತಿ ಇವೆಲ್ಲ ಹಳೆಯ ವಸ್ತುಗಳಲ್ಲೇ ಉಳಿದರೆ ಒಳಗಿನ ಎಳೆ ಕೊಳೆತರೂ ಫಲ ಅಲ್ಪ. ಕಾಂಪೋಸ್ಟಿನಲ್ಲಿ ಬೇಗ ಕರಗುವ ವಸ್ತು ಚರಂಡಿಯಲ್ಲೋ ಸಮುದ್ರದಲ್ಲೋ ಅದೇ ವೇಗದಲ್ಲಿ ಕರಗುತ್ತದೆ ಎನ್ನುವಂತಿಲ್ಲ. ಆದಕಾರಣ ಹೊಸ ಎಳೆಯನ್ನು ನೂಲುವಷ್ಟೇ ಶ್ರದ್ಧೆಯಿಂದ, ಬಳಸಿದ ಮುಖಗವಸನ್ನು ಬೇರ್ಪಡಿಸಿ ಒಯ್ಯುವ ವ್ಯವಸ್ಥೆಯನ್ನೂ ಕಟ್ಟಬೇಕು. ಉಸಿರನ್ನು ಕಾಯುವ ವಸ್ತು ನೆಲಕ್ಕೆ ಹೊರೆಯಾಗಬಾರದು.